ಶೈಲಾಳ ಚಾಳಣಿ

ಐನಾಪುರ
೨೦ ಮಾರ್ಚ್ ೨೦೨೫

ಮುಗಳಖೋಡದಲ್ಲಿ ಅಕ್ಕನ ಸೆರಗಿನ ಮರೆಯಲ್ಲಿ ಅವಿತು ಕೂತಿರುವ ನಮ್ಮ ಯಜಮಾನರು ದುಂಡೇಶ ಅವರಿಗೆ, ಶೈಲಾಳ ನಮಸ್ಕಾರ.

ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಮಾವನವರಿಗೆ ಮಾತ್ರ ಫೋನ್ ಮಾಡಿ, ಉಳಿದ ಜೇನುಪೆಟ್ಟಿಗೆಗಳನ್ನು ಮಾರಿಬಿಡಿ ಎಂದಿರಂತೆ. ಮಾರುವುದಿಲ್ಲ. ಅವು ನಾನು ಸಾಕಿದ ಜೇನು. ಮೊದಲು ಇದನ್ನು ಓದಿ, ಆಮೇಲೆ ಅಕ್ಕನ ಕೈಯ ಚಹಾ ಕುಡಿಯಿರಿ.

ಈ ವರ್ಷ ಬಂದ ಕಣಜದ ಹುಳದಂಥದ್ದನ್ನು ಅತ್ತೆಯವರೂ ಕಂಡಿಲ್ಲವಂತೆ. ಹೆಬ್ಬೆರಳಿನ ಗಾತ್ರ. ಒಣದ್ರಾಕ್ಷಿಯ ಸಿಹಿಗೆ ನಮ್ಮ ಶೆಡ್ಡಿಗೆ ಬಂದವು, ಪಕ್ಕದಲ್ಲೇ ಜೇನು ಕಂಡು ಪೆಟ್ಟಿಗೆಯ ಬಾಗಿಲಲ್ಲೇ ನಿಂತು ಹೊರಬಂದ ಒಂದೊಂದರ ತಲೆ ಕತ್ತರಿಸಿದವು. ನೀವು ಜೇನು ಉಳಿಸಲೆಂದೇ ಹೋದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಒಣದ್ರಾಕ್ಷಿಗೆ ಬಣ್ಣ ಬರಲೆಂದು ಕೊಡುವ ಗಂಧಕದ ಹೊಗೆಯನ್ನು ಪೆಟ್ಟಿಗೆಗಳ ಬುಡಕ್ಕೂ ಇಟ್ಟಿರಿ. ಕಣಜ ಹಾರಿಹೋದವು. ಒಳಗಿದ್ದ ಜೇನು ಅಲ್ಲೇ ಸತ್ತವು. ಅರ್ಧಕ್ಕರ್ಧ ಪೆಟ್ಟಿಗೆಗಳಿಂದ ಅವನ್ನು ಬುಟ್ಟಿಗೆ ಬಳಿದು ಹಾಕಿದವಳು ನಾನು. ಅವತ್ತು ಬಾಯಿಗೆ ಬಂದಂತೆ ಬೈದೆ, ಹೌದು. ಈಗಲೂ ಬೈಯುತ್ತೇನೆ. ನೀವು ನನ್ನ ಜೊತೆ ನಿಂತು ಕಸಬರಿಗೆ ಹಿಡಿಯಬೇಕಿತ್ತು, ಬಸ್ಸು ಹಿಡಿದಿರಿ.

ನಿನ್ನೆ ಮಾವನವರು ಗಿರಾಕಿಯನ್ನು ಕರೆತಂದರು. "ಹುಳದ ಸಲುವಾಗಿ ಸಂಸಾರ ಹಾಳ ಮಾಡ್ಕೋಬ್ಯಾಡವ್ವಾ" ಅಂದರು. "ಸಂಸಾರ ಮುಗಳಖೋಡಕ್ಕ ಓಡಿ ಹೋಗೇತ್ರಿ, ಹುಳಾನ ನನ್ನ ಕೂಡ ಉಳದಾವು" ಅಂದೆ. ಗಿರಾಕಿ ಪೆಟ್ಟಿಗೆಗೆ ಕೈ ಹಾಕಿದ, ನಾನು ಕುಡಗೋಲಿಗೆ ಕೈ ಹಾಕಿದೆ. ಅಷ್ಟಕ್ಕೇ ಅವನಿಗೆ ಬೇರೆ ಕೆಲಸ ನೆನಪಾಯಿತು.

ಒಳಗೆ ನುಗ್ಗಿದ ಒಂದು ಕಣಜವನ್ನು ನಮ್ಮ ಜೇನು ಏನು ಮಾಡಿದವು ಗೊತ್ತೇ? ನೂರಾರು ಒಟ್ಟಿಗೆ ಅದರ ಮೇಲೆ ಬಿದ್ದು, ಮುದ್ದೆಗಟ್ಟಿ, ಮೈಯ ಕಾವಿನಿಂದಲೇ ಬೇಯಿಸಿ ಕೊಂದವು. ನೋಡುತ್ತಾ ನಿಂತು ಅತ್ತುಬಿಟ್ಟೆ. ಅಷ್ಟು ಸಣ್ಣ ಜೀವಗಳೇ ಮನೆ ಬಿಟ್ಟು ಓಡಲಿಲ್ಲವಲ್ಲ!

ಸಣ್ಣ ಒಣದ್ರಾಕ್ಷಿ ಸೋಸುವ ನಿಮ್ಮ ಚಾಳಣಿಯನ್ನು ಕತ್ತರಿಸಿದ್ದೇನೆ. ಅದರ ತೂತಿನಲ್ಲಿ ಜೇನು ಹಾಯುತ್ತದೆ, ಕಣಜ ಹಾಯುವುದಿಲ್ಲ. ಹೊಸ ಚಾಳಣಿಯೆಂದು ನೀವು ಕೂಗಾಡುತ್ತೀರಿ ಎಂದು ನಾನು ಹೇಳಿದರೆ ಅತ್ತೆಯವರು, "ಕೂಗಾಡಾಕರ ಬರ್ಲಿ ಅಂವಾ, ನೀ ಕತ್ತರಿಸು" ಅಂದು ತಾವೇ ಕತ್ತರಿ ತಂದುಕೊಟ್ಟರು. ತುಂಡುಗಳನ್ನು ಪೆಟ್ಟಿಗೆಗಳ ಬಾಗಿಲಿಗೆ ಬಡಿದೆ. ಇವತ್ತು ಕಣಜ ಹೊರಗೇ ಸುತ್ತಿ ಸುತ್ತಿ ಹೋದವು.

ಪೆಟ್ಟಿಗೆಗಳು ಇಲ್ಲೇ ಇರುತ್ತವೆ. ನಾನೂ ಇಲ್ಲೇ ಇರುತ್ತೇನೆ. ನಿಮ್ಮದು ನೀವು ನೋಡಿಕೊಳ್ಳಿ.

ಇನ್ನೂ ಸಿಟ್ಟಿಳಿಯದ,
ಶೈಲಾ

ತಾ.ಕ.: ಅಕ್ಷರ ಸೊಟ್ಟಗಿವೆ ಎಂದು ನಗಬೇಡಿ, ಎಡಗೈಯಲ್ಲಿ ಬರೆದದ್ದು. ಮೊಳೆ ಹೊಡೆಯುವಾಗ ಕಣಜ ಬಲಗೈಗೆ ಕಚ್ಚಿತು, ಬಳೆ ಒಡೆದು ತೆಗೆಯುವಷ್ಟು ಬಾತಿದೆ. ಕೊನೆಯ ಪೆಟ್ಟಿಗೆಯೊಂದಕ್ಕೆ ಮಾತ್ರ ಚಾಳಣಿ ಬಡಿಯುವುದು ಉಳಿದಿದೆ, ಸದ್ಯಕ್ಕೆ ಅತ್ತೆಯವರು ಟವೆಲ್ ಹಿಡಿದು ಕಾಯುತ್ತಿದ್ದಾರೆ. ಸುತ್ತಿಗೆ ನೀವು ಇಡುವ ಜಾಗದಲ್ಲೇ ಇದೆ.