ಹೆಸರಿಲ್ಲದ ಅರ್ಜಿ

ಶ್ರೀ ಜುಂಜಪ್ಪಸ್ವಾಮಿ ಪ್ರಸನ್ನ

ಹಿರಿಯೂರು
೧೨-೮-೧೯೭೬, ಗುರುವಾರ

ಪ್ರೀತಿಯ ಅಣ್ಣ ಕಾಟಯ್ಯನಿಗೆ ತಂಗಿ ಮುದ್ದಕ್ಕನ ನಮಸ್ಕಾರ.

ನಿನ್ನ ಕೆಮ್ಮು ಹೆಂಗೈತೆ? ಭದ್ರಾವತಿ ಹೊಗೆ ಕುಡಿದು ಕುಡಿದು ಎದೆ ಕಟ್ಟಿಕಂಡೈತೆ ಅಂತ ಅತ್ತಿಗೆ ಬರೆದಿದ್ಲು. ಬೀಡಿ ಬಿಡು, ಬಿಸಿನೀರು ಕುಡಿ. ಕೇಳೋನಲ್ಲ ನೀನು, ಆದ್ರೂ ಹೇಳ್ತೀನಿ. ಅವ್ವ ಹಟ್ಟೀಲಿ ಆರಾಮಾಗಿದಾಳೆ. ನನಗೆ ಮಾತ್ರ ಭಯ ಆಗ್ತೈತೆ ಅಣ್ಣಾ. ಅಕ್ಷರ ಸೊಟ್ಟಗಿದ್ರೆ ಬೈಬ್ಯಾಡ.

ಮುದುಕರ ಆಶ್ರಮದ ಕೆಲಸದಿಂದ ನನ್ನ ತೆಗೆದುಹಾಕಿದ್ರು. ಏಳು ವರ್ಷ ಅವರ ಬಟ್ಟೆ ಒಗೆದು, ತಲೆ ಬಾಚಿ, ತುತ್ತು ಉಣಿಸಿದ ಆಯಾ ನಾನು. ಮೊನ್ನೆ ಮೇಲ್ವಿಚಾರಕ ಈರಬಸಪ್ಪ ಗೇಟಲ್ಲೇ ನಿಲ್ಲಿಸಿ, ಒಳಗೆ ಕಾಲಿಡಬ್ಯಾಡ ಅಂದ. ಮುದುಕರು ಕೂಗಾಡಬಾರದು ಅಂತ ಆತ ಸಂಜೆ ಐದಕ್ಕೇ ಎಲ್ಲಾರಿಗೂ ನಿದ್ದೆ ಮಾತ್ರೆ ನುಂಗಿಸ್ತಿದ್ದ. ಡಾಕ್ಟ್ರು ಬರೆದುಕೊಟ್ಟಿದ್ದಲ್ಲ. ಒಂದಕ್ಕೆ ಮಲಗದಿದ್ರೆ ಎರಡು. ಹೋದ ತಿಂಗಳು ಆದಿವಾಲದ ನಾಗಣ್ಣಜ್ಜ ಬೆಳಿಗ್ಗೆ ಏಳಲೇ ಇಲ್ಲ. ವಯಸ್ಸಾಗಿತ್ತು ಅಂತ ಬರಕೊಂಡು ಮಣ್ಣು ಮಾಡಿಸಿಬಿಟ್ರು. ಆ ರಾತ್ರೀನೇ ಕೂತು ದುರ್ಗದ ಒಬ್ಬ ದೊಡ್ಡ ಸಾಹೇಬ್ರಿಗೆ ಅರ್ಜಿ ಬರೆದೆ. ಹೆಸರು ಹಾಕಲಿಲ್ಲ.

ಆದ್ರೂ ಸಿಕ್ಕಿಬಿದ್ದೆ. ಹೆಂಗೆ ಅಂತೀಯಾ? ಸ್ವಾಮಿ ಹೆಸರು ಬರೀದೆ ಹಾಳೆ ಮೇಲೆ ಒಂದಕ್ಷರ ಮೂಡಿಸಬಾರ್ದು ಅಂತ ಸ್ಲೇಟು ಹಿಡಿಸಿದ ದಿನ ನೀನೇ ಕಲಿಸಿದ್ದೆಯಲ್ಲ! ಕೈ ತಾನಾಗೇ ಹೋಗಿ ಅರ್ಜಿ ತಲೆ ಮೇಲೆ ‘ಶ್ರೀ ಜುಂಜಪ್ಪಸ್ವಾಮಿ ಪ್ರಸನ್ನ’ ಅಂತ ಬರೆದಿತ್ತು. ಇದಕ್ಕೇನು ಉತ್ತರ ಅಂತ ಕೇಳಿ ಕಚೇರಿಯವರು ಆ ಅರ್ಜೀನೇ ಈರಬಸಪ್ಪನಿಗೆ ಕಳಿಸಿದ್ರು. ಜುಂಜಪ್ಪನಿಗೆ ನಡ್ಕೊಳ್ಳೋ ಗೊಲ್ಲರಹಟ್ಟಿಯೋಳು ಆಶ್ರಮದಾಗೆ ನಾನೊಬ್ಳೇ. ‘ನಿಮ್ಮ ದೇವ್ರೇ ನಿನ್ನ ಹಿಡಿದುಕೊಟ್ಟ ನೋಡಮ್ಮ’ ಅಂತ ನಕ್ಕ. ಅವನ ಬಾಯಿಗೆ ಮಣ್ಣು ಬೀಳ!

ಬರೋ ಸೋಮವಾರ ದುರ್ಗದಿಂದ ವಿಚಾರಣೆಗೆ ಬರ್ತಾರಂತೆ. ಸಿಟ್ಟಿಗೆ ಸುಳ್ಳು ಬರೆದೆ ಅಂತ ಸಹಿ ಹಾಕಿದ್ರೆ ಕೆಲಸ ವಾಪಸ್ಸು, ಇಲ್ಲಾಂದ್ರೆ ಈರಬಸಪ್ಪ ನಾಗಣ್ಣಜ್ಜನ ಸಾವು ನನ್ನ ತಲೆಗೆ ಕಟ್ಟಿ ಜೈಲಿಗೆ ಹಾಕಿಸ್ತಾನಂತೆ. ಈ ಎಮರ್ಜೆನ್ಸಿ ಕಾಲದಾಗೆ ಒಳಗೆ ಹೋದೋರನ್ನ ಕೇಳೋರಿಲ್ಲ ಅಂದ. ಅದು ನಿಜಾನೇ ಅಲ್ವಾ ಅಣ್ಣಾ. ಜೊತೆಗಿದ್ದ ಆಯಾ ಶಾಂತಕ್ಕ ನನ್ನ ಕಂಡ್ರೆ ಬೀದಿ ಬದಲಾಯಿಸ್ತಾಳೆ. ಬಾಗಿಲು ಯಾರು ತಟ್ಟಿದ್ರೂ ಕಿಟಕಿ ಸಂದೀಲಿ ನೋಡಿಯೇ ತೆಗೀತೀನಿ. ಒಳಗೆ ಇನ್ನೂ ಇಪ್ಪತ್ತೆರಡು ಜನ ಇದಾರೆ. ಸಂಜೆ ಐದಾದ್ರೆ ಅವರದೇ ಯೋಚನೆ.

ಅತ್ತಿಗೆಗೆ ಕೇಳಿದೆ ಅಂತ ಹೇಳು, ಮಗೀಗೆ ಒಂದು ಮುತ್ತು ಕೊಡು. ಸ್ವಾಮಿ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ
ಮುದ್ದಕ್ಕ

ತಾ.ಕ.: ಅರ್ಜೀಲಿ ಬರೀದೇ ಇದ್ದ ಮಾತೊಂದೈತೆ. ನಾಗಣ್ಣಜ್ಜನಿಗೆ ಆ ಸಂಜೆ ಎರಡು ಮಾತ್ರೆ ಹಾಕಿದ ಕೈ ನಂದೇ. ‘ಇವತ್ತು ಬ್ಯಾಡ ಮಗಳೇ, ಎದೆ ಒಂಥರಾ ಐತೆ’ ಅಂದ. ಸುಮ್ನೆ ನುಂಗಜ್ಜ ಅಂತ ಗದರಿಸಿ ನೀರು ಹುಯ್ದೆ. ಸೋಮವಾರ ಮೊದಲು ಇದನ್ನೇ ಹೇಳ್ತೀನಿ, ಆಮೇಲೆ ಈರಬಸಪ್ಪನದು. ನನ್ನ ಹಿಡ್ಕಂಡು ಹೋದ್ರೆ, ಬ್ಯಾರೆಯೋರು ಹೇಳೋಕೆ ಮುಂಚೆ ನೀನೇ ಬಂದು ಅವ್ವನಿಗೆ ಹೇಳು.