ಹಿಮ್ಮಡಿ ಊರುವಷ್ಟು ನೆಲ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ತಂಗೀ, ಕ್ಷೇಮವೇ? ನಿನ್ನ ಯಜಮಾನರ ಮೊಣಕಾಲು ಮಡಚುತ್ತಿದೆಯೇ? ಚಿಕ್ಕಮ್ಮನ ಹೊಸ ಹಲ್ಲುಸೆಟ್ಟು ಬಾಯಿಗೆ ಬಂತೋ, ಇನ್ನೂ ಲೋಟದಲ್ಲೇ ನೆನೆಯುತ್ತಿದೆಯೋ? ಕುಂಟ ಬೆಕ್ಕು ಹೇಗಿದೆ? ಗಿರಣಿಯ ಬೆಲ್ಟು ಹೇಗಿದೆ? ಎಲ್ಲರನ್ನೂ ಕೇಳಿದೆ ಅಂದುಕೋ.

ಇದನ್ನು ಪೋಸ್ಟ್ ಮಾಡುವುದಿಲ್ಲ. ನೀನು ಓದಿದರೆ ಸಂಜೆಯೊಳಗೆ ನನ್ನ ಮಗಳಿಗೆ ಫೋನ್ ಮಾಡಿ ಊದಿಬಿಡುತ್ತೀಯ. ಆದರೆ ಏನು ಬರೆಯಲು ಕೂತರೂ ‘ತಂಗೀ’ ಅನ್ನದಿದ್ದರೆ ಕೈಯೇ ಓಡುವುದಿಲ್ಲ. ಗಿರಾಕಿಗಳ ಹಿಟ್ಟಿನ ಡಬ್ಬಿ ಮೇಲೆ ಹೆಸರು ಗೀಚಿ ಅಕ್ಷರ ಕಲಿತವಳು ನಾನು. ಆಮೇಲೆ ಬರೆದದ್ದೆಲ್ಲ ನಿನಗೇ.

ಕಾಫಿ ಆಯಿತು. ಬಕೆಟ್ ಎತ್ತಿ ನೆಲಕ್ಕೆ ಧಡ್ ಅಂತ ಹಾಕಿಯೂ ಆಯಿತು. ಯಾರೂ ಬರಲಿಲ್ಲ.

ಬಕೆಟ್ ಯಾಕೆ ಅಂದರೆ — ಇದು ಅಳಿಯಂದಿರ ಆಫೀಸಿನವರೊಬ್ಬರ ಮನೆ. ಎರಡನೇ ಮಹಡಿ. ಈ ತಿಂಗಳು ಖಾಲಿ. ‘ಇದ್ದು ನೋಡಿ, ಹಿಡಿಸಿದರೆ ಬನ್ನಿ, ಕೊನೆಯ ಶನಿವಾರದೊಳಗೆ ಹೇಳಿಬಿಡಿ’ ಎಂದು ಬೀಗದ ಕೈ ಕೊಟ್ಟಿದ್ದಾರೆ. ಮಗಳಿಗೂ ಅಳಿಯನಿಗೂ ರಜೆ ಇಲ್ಲ. ಇದ್ದು ನೋಡಲು ನಾನು.

ಅಳಿಯಂದಿರ ಫೋನಿನಲ್ಲಿ ಈ ಏರಿಯಾಕ್ಕೆ ನಾಲ್ಕೂವರೆ ಸ್ಟಾರ್. ಕೊಟ್ಟವರು ಯಾರು? ಅವರ ಮನೆಯಲ್ಲಿ ನಾಲ್ಕು ವರ್ಷದ ಮಗು ಇತ್ತೇ?

ಮೊಮ್ಮಗಳಿಗೆ ದುಡುಮಿ ಅಂತ ಹೆಸರಿಟ್ಟವಳು ನಾನೇ. ನಡೆಯಲು ಕಲಿತಾಗ ದುಡುಂ ದುಡುಂ ಅಂತಲೇ ಕಲಿತಳು. ಈಗಿನ ಮನೆಗೆ ಹೋದ ಮೇಲೆ ಎಲ್ಲ ಕೆಟ್ಟಿತು. ಅವಳು ಓಡಿದಾಗಲೆಲ್ಲ ಕೆಳಗಿನ ಮನೆಯಾಕೆ ಓನರಿಗೆ ಮೆಸೇಜು ಕಳಿಸುವುದು, ಓನರು ಮಗಳಿಗೆ ದಾಟಿಸುವುದು. ಆ ಮಹಾತಾಯಿಯ ಮುಖವನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ. ಮೊದಲು ಚಾಪೆ ಹಾಸಿದರು. ಆಮೇಲೆ ಕಾಲುಚೀಲ. ಆಮೇಲೆ ‘ಮೆಲ್ಲಗೆ ಚಿನ್ನಾ, ಮೆಲ್ಲಗೆ’. ಈಗ ಮಗು ತುದಿಗಾಲಲ್ಲಿ ನಡೆಯುತ್ತದೆ. ಮನೆಯಲ್ಲಷ್ಟೇ ಅಲ್ಲ, ರಸ್ತೆಯಲ್ಲೂ. ಹೆಸರು ದುಡುಮಿ, ನಡಿಗೆ ಬೆಕ್ಕಿನದು. ಮಾತೂ ಪಿಸುಮಾತು. ಅವಳಷ್ಟೇ ಅಲ್ಲ, ಮಗಳು, ಅಳಿಯ, ಮೂವರೂ. ಎಲ್ಲರೂ ಪಿಸುಗುಟ್ಟುವ ಮನೆಯಲ್ಲಿ ನನಗೇನು ಕೆಲಸ ಹೇಳು. ಎಡಗಿವಿಯನ್ನು ಗಿರಣಿಗೆ ಕೊಟ್ಟವಳು. ಬಲಗಿವಿಯೂ ಸ್ವಲ್ಪ... ಇರಲಿ. ಅದು ಮಗಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

‘ಅಮ್ಮಾ, ಸುಮ್ನೆ ಇದ್ದು ನೋಡು’ ಅಂದಿದ್ದಾಳೆ.

ಸುಮ್ಮನಿದ್ದರೆ ಯಾವ ಮನೆಯೂ ಚೆನ್ನಾಗಿಯೇ ಇರುತ್ತದೆ. ನಾನು ಸುಮ್ಮನಿರಲು ಬಂದಿಲ್ಲ.

ಮಾರ್ಚ್ 5, ಬುಧವಾರ

ಸುತ್ತಾಡಿದೆ. ಶಾಲೆ ಎರಡು ತಿರುವಿನಾಚೆ. ನಡುವೆ ದೊಡ್ಡ ರಸ್ತೆ ಒಂದೇ. ಗಾಡಿಯವರು ನಿಲ್ಲಿಸುವುದಿಲ್ಲ, ಕೈ ಚಾಚಿಕೊಂಡು ನಡುವೆ ಇಳಿದೆ, ನಿಲ್ಲಿಸಿದರು. ಒಬ್ಬ ಏನೋ ಬೈದ. ಎಡಗಡೆಯಿಂದ ಬೈದ, ದಂಡ.

ಕ್ಲಿನಿಕ್ ಇದೆ. ಫುಟ್‌ಪಾತ್ ಅಲ್ಲಲ್ಲಿ ಇದೆ. ಶಾಲೆ ಬಿಟ್ಟ ಹುಡುಗಿಯರು ಒಂದು ಮನೆಯ ಗೇಟು ಹತ್ತಿ ಜೋಲಾಡುತ್ತಿದ್ದರು. ಮನೆಯವರು ಕಿಟಕಿಯಿಂದ ನೋಡಿದರು, ಬಯ್ಯಲಿಲ್ಲ. ಅದಕ್ಕೆ ನನ್ನದೊಂದು ಸ್ಟಾರ್.

ಪಾರ್ಕಿನ ಬೋರ್ಡು: ಓಡಬಾರದು, ಚೆಂಡಾಡಬಾರದು, ಹುಲ್ಲಿನ ಮೇಲೆ ಕೂರಬಾರದು. ಹುಲ್ಲಿನ ಮೇಲೆ ಕೂತೆ. ವಾಚ್‌ಮನ್ ಬಂದ.

‘ಅಮ್ಮಾ, ಬೋರ್ಡು ಓದಿಲ್ವಾ?’

‘ಓದಿದೆನಪ್ಪ. ಅಕ್ಷರ ದುಂಡಗಿದೆ. ಬರೆದವನಿಗೆ ಮಕ್ಕಳಿಲ್ಲ ಅಂತ ಕಾಣುತ್ತೆ.’

ಅವನು ನಕ್ಕ. ಪಕ್ಕದಲ್ಲೇ ಕೂತ. ಹುಲ್ಲಿನ ಮೇಲೆಯೇ.

ಮಾರ್ಚ್ 8, ಶನಿವಾರ

ಪರೀಕ್ಷೆ ಜೋರಾಗಿ ನಡೆದಿದೆ. ಅಳಿಯಂದಿರ ಹಳೇ ಶೂ ಚೀಲದಲ್ಲಿ ತಂದಿದ್ದೆ. ಅದನ್ನು ಹಾಕಿಕೊಂಡು ಹಾಲ್‌ನಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಕುರ್ಚಿ ಎಳೆದೆ. ಚಪಾತಿ ಮಣೆ ಬೀಳಿಸಿದೆ. ಯಾರೂ ಬಾಗಿಲು ತಟ್ಟಲಿಲ್ಲ. ಓನರಿಂದ ಮೆಸೇಜಿಲ್ಲ. ಎಂಥಾ ಜನ ತಂಗೀ!

ಒಂದೇ ತೊಂದರೆ. ಅಂಗಾಲಿನಲ್ಲಿ ಗಿರಣಿ ಇನ್ನೂ ತಿರುಗುತ್ತಿದೆ. ಸುತ್ತು ಹೊಡೆದು ನಿಂತೆನೋ, ಅಡಿಯಿಂದ ಗುಂಯ್ ಗುಂಯ್ ಅಂತ ಅದುರು ಏಳುತ್ತದೆ. ನಿನಗೂ ಹೀಗಾಗುತ್ತದೆಯೇ? ಕಲ್ಲು ಸವೆದದ್ದು ನಮಗೆ ಮೊದಲು ಕಾಲಿಗೇ ತಾನೇ ಗೊತ್ತಾಗುತ್ತಿದ್ದದ್ದು. ಗಿರಣಿ ಬಿಟ್ಟರೂ ಅದು ನಮ್ಮನ್ನು ಬಿಡುವುದಿಲ್ಲ.

ನೆಲಮಹಡಿಯಲ್ಲಿ ಟೈಲರಮ್ಮ ಇದ್ದಾಳೆ. ಮೆಟ್ಟಿಲ ಬುಡದಲ್ಲೇ ಮೆಷಿನ್ನು. ‘ಶೂ ಹಾಕ್ಕೊಂಡು ಕುಣೀತಿದ್ದೀರಂತೆ?’ ಅಂದಳು. ‘ಹೂಂ, ಈ ವಯಸ್ಸಿಗೆ ಇನ್ನೇನು ಮಾಡೋದು’ ಅಂದೆ. ಹಲ್ಲಲ್ಲಿ ದಾರ ಕಡಿದು, ಮೊದಲನೇ ಮಹಡಿಯ ಕಡೆ ಕಣ್ಣು ತೋರಿಸಿ ಏನೋ ಹೇಳಿದಳು. ಎಡಗಡೆ ನಿಂತಿದ್ದಳು. ತಲೆಯಾಡಿಸಿದೆ. ಒಳ್ಳೆಯದನ್ನೇ ಹೇಳಿರಬೇಕು.

ಮಾರ್ಚ್ 12, ಬುಧವಾರ

ಮಗಳಿಗೆ ಹೇಳಿಬಿಟ್ಟೆ. ಮನೆ ಸರಿ ಇದೆ, ಜನ ಸರಿ ಇದ್ದಾರೆ, ಶನಿವಾರ ದುಡುಮಿಯನ್ನು ಕರೆದುಕೊಂಡು ಬಾ. ಫೋನಿನಲ್ಲಿ ಅವಳು ಅಂದದ್ದು ಅರ್ಧ ತಿಳಿಯಲಿಲ್ಲ. ‘ಹೂಂ ಹೂಂ’ ಅಂದೆ.

ಮಾರ್ಚ್ 15, ಶನಿವಾರ. ಸಂಜೆ

ತಂಗೀ, ಮಾನ ಹೋಯಿತು.

ಮಧ್ಯಾಹ್ನ ಬಂದರು. ದುಡುಮಿ ಬಾಗಿಲಲ್ಲೇ ಶೂ ಬಿಚ್ಚಿ ತುದಿಗಾಲಲ್ಲಿ ಒಳಗೆ ಬಂತು. ಹಾಲ್ ನಡುವೆ ನಿಲ್ಲಿಸಿ ಹೇಳಿದೆ — ‘ಹಿಮ್ಮಡಿ ಊರು ಪುಟ್ಟಿ. ಇಲ್ಲಿ ಯಾರೂ ಏನೂ ಅನ್ನಲ್ಲ.’ ಅಮ್ಮನ ಮುಖ ನೋಡಿತು. ಒಂದು ಹಿಮ್ಮಡಿ ಇಳಿಸಿತು. ಇನ್ನೊಂದು. ಆಮೇಲೆ ಓಡಿತು ನೋಡು! ಬಾಗಿಲಿಂದ ಕಿಟಕಿಗೆ! ಕಿಟಕಿಗೆ ಕೈ ತಾಗಿಸಿ ತಿರುಗಿದ್ದು ಅಲ್ಲೇ ನಿಂತಿತು. ಎರಡೂ ಹಿಮ್ಮಡಿ ಮೇಲೆದ್ದವು. ಬಾಯಿ ಆಡಿಸಿತು.

‘ಏನೇ? ಜೋರಾಗಿ ಹೇಳು.’

ಮಗಳು ನನ್ನ ಹತ್ತಿರ ಬಂದು ಹೇಳಿದಳು. ‘ಕೆಳಗಡೆಯವರು ಬಡೀತಿದಾರಂತೆ. ಹೌದಮ್ಮ, ಬಡೀತಿದಾರೆ. ಕೋಲಲ್ಲಿ. ನಿನಗೆ ಕೇಳಿಸ್ತಿಲ್ವಾ?’

ಅಂಗಾಲು ಅದುರುತ್ತಿತ್ತು. ಗುಂಯ್ ಗುಂಯ್. ನನ್ನ ಗಿರಣಿ.

ಇಷ್ಟು ದಿನವೂ ಗಿರಣಿಯಲ್ಲ ತಂಗೀ. ಕೋಲು.

ತಡೆಯಲಾಗಲಿಲ್ಲ. ಇಳಿದೆ. ಹಿಂದೆ ಮಗಳು, ಅವಳ ಹಿಂದೆ ದುಡುಮಿ. ಮೊದಲನೇ ಮಹಡಿಯ ಬಾಗಿಲು ಗುದ್ದಿದೆ. ತೆರೆದವನು ನಲವತ್ತರ ಆಸುಪಾಸಿನ ಆಳು, ಬನಿಯನ್ನು, ಕಣ್ಣು ಕೆಂಡ. ಕೈಯಲ್ಲಿ ಜೇಡರಬಲೆ ತೆಗೆಯುವ ಕೋಲು. ನೈಟ್ ಬಸ್ಸಿನ ಡ್ರೈವರಂತೆ. ಟೈಲರಮ್ಮ ಅವತ್ತು ಹೇಳಿದ್ದು ಅದನ್ನೇ ಅಂತ ಈಗ ತಿಳಿಯಿತು.

‘ಏನ್ರೀ ಅಮ್ಮ, ನೀವು ಬಂದಾಗಿಂದ ಬಡೀತಿದ್ದೀನಿ! ಕಿವಿ ಕೇಳಲ್ವಾ ನಿಮಗೆ?’

‘ಇಲ್ಲಪ್ಪ. ಕೇಳಲ್ಲ.’

ಅವನು ಬಾಯಿ ತೆರೆದವನು ಹಾಗೇ ನಿಂತ. ಬೈಯಲು ಜೋಡಿಸಿಟ್ಟುಕೊಂಡಿದ್ದೆಲ್ಲ ವ್ಯರ್ಥವಾಯಿತಲ್ಲ, ಪಾಪ.

‘ಮೇಲೆ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀರೋ ಹೇಗೆ?’

‘ಇಟ್ಕೊಂಡಿದ್ದೆ. ಈಗ ತಂಗಿ ನೋಡ್ಕೋತಾಳೆ. ನಿನಗೇನು ಕಷ್ಟ? ಬಾಗಿಲು ತಟ್ಟಿ ಹೇಳೋಕೆ ಆಗಲ್ವಾ? ಮಗು ಹೆದರಿಕೊಂಡಿತು.’

‘ಬೆಳಗಾಗೋವರೆಗೆ ಗಾಡಿ ಓಡಿಸಿ ಬಂದು ಮಲಗ್ತೀನಿ ಕಣಮ್ಮ! ಮೆಟ್ಟಿಲು ಹತ್ತಿ ಬಂದ್ರೆ ಇದ್ದ ನಿದ್ದೆನೂ ಹೋಗುತ್ತೆ!’

‘ನಿನ್ನ ನಿದ್ದೆಗೆ ನನ್ನ ಮೊಮ್ಮಗಳು ಗಾಳಿಯಲ್ಲಿ ನಡೀಬೇಕೇನು?’

ಅಷ್ಟರಲ್ಲಿ ಮಗಳು ಕೂಗಿದಳು. ‘ಅಮ್ಮಾ, ಸಾಕು! ಮತ್ತೆ ಅದೇ ಗೋಳು ನನಗೆ ಬೇಡ! ಕಿವಿ ಕೇಳಲ್ಲ ಅಂತ ನನಗ್ಯಾಕೆ ಹೇಳಲಿಲ್ಲ? ಮನೆ ಶಾಂತವಾಗಿದೆ ಅಂತ ಹೇಳೋಕೆ ನಿನ್ನನ್ನ ಕಳಿಸಿದೆನಲ್ಲ ನಾನು!’

ಪ್ರತಿ ಅಕ್ಷರವೂ ಕೇಳಿಸಿತು. ಆ ಪಿಸುಗುಟ್ಟುವ ಮನೆಗೆ ಹೋದ ಮೇಲೆ ಅವಳ ಮಾತು ಪೂರ್ತಿ ಕೇಳಿಸಿದ್ದು ಇದೇ ಮೊದಲು.

‘ನೀನು ಯಾವತ್ತು ಜೋರಾಗಿ ಕೇಳಿದ್ದೆ ಹೇಳೋಕೆ?’ ಅಂದೆ.

ಅವಳ ಕಣ್ಣು ತುಂಬಿತು. ಮಗುವನ್ನು ಎತ್ತಿಕೊಂಡು ಇಳಿದುಹೋದಳು. ಅವಳ ಸೊಂಟದ ಪಕ್ಕ ದುಡುಮಿಯ ಕಾಲು ನೇತಾಡುತ್ತಿತ್ತು. ಅಲ್ಲೂ ಬೆರಳು ಚಾಚಿಕೊಂಡೇ ಇತ್ತು.

ಮಾರ್ಚ್ 21, ಶುಕ್ರವಾರ

ಈ ವಾರ ಪೆನ್ನು ಮುಟ್ಟಲಿಲ್ಲ. ಶೂವನ್ನೂ.

ಮಗಳ ಮೆಸೇಜು: ‘ಆ ಏರಿಯಾ ಬೇಡ. ಬೀಗ ಹಾಕಿ ಬಂದುಬಿಡಮ್ಮ.’

ಬರುವುದಿಲ್ಲ.

ಕೂತು ಯೋಚಿಸಿದೆ. ಅಲ್ಲೂ ಕೆಳಗೆ ಒಬ್ಬರು, ಇಲ್ಲೂ ಕೆಳಗೆ ಒಬ್ಬ. ಅಲ್ಲಿಯವಳು ಮುಖ ತೋರಿಸದೆ ಮೆಸೇಜು ಒತ್ತುವ ಬೆರಳಲ್ಲೇ ಮಗುವನ್ನು ತುದಿಗಾಲಿಗೆ ತಂದಳು. ಜಗಳ ಆಡೋಣವೆಂದರೆ ಆಡುವುದು ಯಾರ ಹತ್ತಿರ? ಓನರಿನ ಹತ್ತಿರವೇ, ಫೋನಿನ ಹತ್ತಿರವೇ? ಇಲ್ಲಿ ಒಂದು ಬಾಗಿಲಿದೆ. ಗುದ್ದಿದೆ, ತೆರೆಯಿತು. ಒಳಗೊಬ್ಬ ಮನುಷ್ಯ ನಿಂತಿದ್ದ, ಕಣ್ಣು ಕೆಂಪಗೆ ಮಾಡಿಕೊಂಡು. ಬಾಗಿಲು ತೆರೆಯುವವನ ಹತ್ತಿರ ಇನ್ನೊಂದು ಸಲ ಜಗಳವಾಡಬಹುದು.

ಆಡುತ್ತೇನೆ.

ಮಾರ್ಚ್ 23, ಭಾನುವಾರ

ಇವತ್ತು ಡ್ರೈವರಿಗೆ ರಜೆ. ಟೈಲರಮ್ಮನನ್ನು ಕೇಳಿ ತಿಳಿದುಕೊಂಡು, ನಿದ್ದೆ ಮುಗಿಯುವ ಹೊತ್ತಿಗೆ ಹೋದೆ. ಅವನನ್ನು ಬಲಗಡೆ ಕೂರಿಸಿಕೊಂಡೆ. ಜಗಳಕ್ಕೂ ಕಿವಿ ಬೇಕಲ್ಲ.

ಅವನೇ ಮೊದಲು ಬಾಯಿ ಬಿಟ್ಟ. ಹೋದ ತಿಂಗಳು ಒಂದು ತಿರುವಿನಲ್ಲಿ ಕಣ್ಣು ಮುಚ್ಚಿಹೋಯಿತಂತೆ. ಬಸ್ಸು ತುಂಬ ಜನ, ಎಲ್ಲರೂ ಮಲಗಿದ್ದರಂತೆ. ಚಕ್ರ ರಸ್ತೆಯಂಚಿನ ಮಣ್ಣಿಗೆ ಇಳಿದ ಸದ್ದಿಗೆ ಎಚ್ಚರವಾಯಿತಂತೆ. ‘ಯಾರಿಗೂ ಹೇಳಿಲ್ಲಮ್ಮ. ಹೆಂಡತಿಗೂ ಹೇಳಿಲ್ಲ. ಅವತ್ತಿಂದ ನಿದ್ದೆ ಅಂದ್ರೆ ನನಗೆ ಭಯ. ನೀವು ಮೇಲೆ ಕುಣಿಯೋವಾಗ ನಾನಿಲ್ಲಿ ಆ ತಿರುವನ್ನೇ ನೋಡ್ತಾ ಮಲಗಿರ್ತೀನಿ.’

ಬೈಯಲು ಹೋದವಳು. ಬೈಗುಳ ನುಂಗಿಕೊಂಡೆ. ಆದರೆ ದುಡುಮಿಯ ಕಾಲೂ ಕಣ್ಣ ಮುಂದೆ ಇತ್ತು. ಅವಳ ಕಥೆ ಹೇಳಿದೆ. ಚಾಪೆ, ಕಾಲುಚೀಲ, ತುದಿಗಾಲು. ಅವನು ತನ್ನ ಕಾಲನ್ನೇ ನೋಡಿಕೊಂಡ.

‘ಅವಳು ಬೆಳಿಗ್ಗೆ ಶಾಲೆಗೆ ಹೋಗ್ತಾಳೆ. ಊಟ ಹೊತ್ತಿಗೆ ಬರ್ತಾಳೆ. ನೀನು ಏಳೋದು?’

‘ಅದಾದ ಮೇಲೆ ಒಂದೊಂದೂವರೆ ಗಂಟೆ ಬಿಟ್ಟು.’

‘ಅಷ್ಟು ಹೊತ್ತು ಕೂರಿಸ್ತೀವಿ. ಊಟ, ಕಥೆ, ನಿದ್ದೆ. ಅದಕ್ಕಿಂತ ಒಂದು ನಿಮಿಷ ಹೆಚ್ಚು ಕೂರಿಸಲ್ಲ. ಆ ಕೋಲೆಲ್ಲಿ?’

‘ಮೂಲೇಲಿದೆ. ಬಿಸಾಕ್ತೀನಿ ಬಿಡಿ.’

‘ಬಿಸಾಕಬೇಡ. ನಿದ್ದೆ ಬೇಕು ಅಂತ ಬಡೀಬೇಡ, ಅಷ್ಟೇ. ಎದ್ದ ಮೇಲೆ ಬಡಿ. ಬಡಿದೆ ಅಂದ್ರೆ ನೆಲ ಅವಳದು.’

ಅವನಿಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ಆಮೇಲೆ ನಗು. ‘ಬಡಿದ್ರೆ ನಿಮಗೆ ಕೇಳಬೇಕಲ್ಲ?’

‘ನನಗ್ಯಾಕೆ ಕೇಳಬೇಕು? ಅವಳಿಗೆ ಕೇಳುತ್ತೆ.’

ಅವನ ಮಂಚ ನಮ್ಮ ಹಾಲ್‌ನ ಅಡಿಯಲ್ಲೇ ಇತ್ತು, ಪೆದ್ದ. ಹಿಂದಿನ ಕೋಣೆಗೆ ಎಳೆದೆವು. ನಾನೊಂದು ತುದಿ, ಅವನೊಂದು ತುದಿ. ನಡುವೆ ಅವನು ನಿಂತುಬಿಟ್ಟ. ಕೆಳಗಿನಿಂದ ಟೈಲರಮ್ಮ ಕೂಗುತ್ತಿದ್ದಾಳಂತೆ — ‘ಯಾರ್ರೀ ಅದು, ಭಾನುವಾರವಾದ್ರೂ ಸುಮ್ನಿರಬಾರದಾ!’

‘ನೋಡಿದ್ಯಾ? ನೀನೂ ಒಬ್ಬರ ತಲೆ ಮೇಲೇ ಇದೀಯ’ ಅಂದೆ.

ಮಾರ್ಚ್ 26, ಬುಧವಾರ

ಮಗಳನ್ನು ನೋಡಲು ಆ ಮನೆಗೇ ಹೋದೆ. ಪಿಸುಗುಟ್ಟಿದಳು. ‘ಕೇಳಲ್ಲ, ಜೋರಾಗಿ ಹೇಳು’ ಅಂದೆ. ನೆಲದ ಕಡೆ ಕೈ ತೋರಿಸಿದಳು. ನಾನು ಜೋರಾಗಿಯೇ ಎಲ್ಲ ಹೇಳಿದೆ, ಡ್ರೈವರು, ಕೋಲು, ಮಂಚ. ಕೆಳಗಿನಾಕೆಯೂ ಕೇಳಿಸಿಕೊಳ್ಳಲಿ. ಮುಗಿಯುವಷ್ಟರಲ್ಲಿ ಮಗಳ ಫೋನು ಟಿಣ್ ಅಂತ ಬೆಳಗಿತು. ಓನರ ಮೆಸೇಜು.

ಮಗಳು ಅದನ್ನು ಓದಿದಳು. ನನ್ನ ಮುಖ ನೋಡಿದಳು.

‘ಅವನು ಬಡಿಯದಿದ್ರೆ? ಕೋಪ ಬಂದು ಮತ್ತೆ ಹಳೇ ಥರ ಬಡಿದ್ರೆ?’

‘ಹೋಗಿ ಬಾಗಿಲು ಗುದ್ತೀನಿ.’

‘ನೀನು ಇಲ್ಲದಿದ್ದಾಗ?’

‘ನೀನು ಗುದ್ದು. ಮೊನ್ನೆ ಮೆಟ್ಟಿಲ ಮೇಲೆ ಕೂಗಿದೆಯಲ್ಲ, ಅಷ್ಟು ಸಾಕು.’

ಮಗಳು ಫೋನನ್ನು ಬೋರಲು ಹಾಕಿದಳು. ದುಡುಮಿ ನನ್ನ ಬಲಗಿವಿ ಹಿಡಿದು, ಬಾಯಿ ಅಂಟಿಸಿ ಕೇಳಿತು — ‘ಡ್ರೈವರ್ ಮಾವ ಎಷ್ಟು ಸಲ ಬಡೀತಾರೆ?’

ಮಾರ್ಚ್ 29, ಶನಿವಾರ. ಮಧ್ಯಾಹ್ನ

ತಂಗೀ, ಬಂದಿದ್ದಾರೆ. ಸಂಜೆಯೊಳಗೆ ಮನೆ ಕೊಟ್ಟವರಿಗೆ ಹೌದೋ ಅಲ್ಲವೋ ಹೇಳಬೇಕು. ಮಗಳು ಚಪ್ಪಲಿ ಬಿಚ್ಚಿದ್ದಾಳೆ, ಹೆಗಲ ಬ್ಯಾಗು ಇಳಿಸಿಲ್ಲ. ದುಡುಮಿ ಹಾಲ್ ನಡುವೆ ತುದಿಗಾಲಲ್ಲಿ ನಿಂತಿದೆ, ಕತ್ತು ವಾರೆ ಮಾಡಿಕೊಂಡು. ಊಟ ಆಯಿತು, ಕಥೆ ಆಯಿತು. ನಿದ್ದೆ ಬೇಡವಂತೆ. ನಾನು ಮೇಜಿನ ಹತ್ತಿರ ಅಂಗಾಲು ನೆಲಕ್ಕೆ ಊರಿ ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

‘ಇನ್ನೂ ಎದ್ದಿಲ್ವೇನೋ’ ಅಂದಳು ಮಗಳು. ನನ್ನ ಬಲಗಡೆ ಬಂದು ನಿಂತು ಅಂದಳು.

ಎದ್ದಿಲ್ಲವೋ, ಮರೆತನೋ. ಮರೆತಿದ್ದರೆ ಇಳಿದು ಹೋಗಿ ಅವನ ಆ ಕೋಲನ್ನು... ಇಲ್ಲ. ಮಲಗಲಿ. ರಾತ್ರಿ ಆ ತಿರುವಿದೆ ಅವನಿಗೆ. ಕಾಯುತ್ತೇವೆ.

ಇದನ್ನೆಲ್ಲ ನಿನಗೆ ಪೋಸ್ಟ್ ಮಾಡಿಬಿಡುತ್ತೇನೆ ತಂಗೀ, ಮೊದಲಿನಿಂದ. ಮುಚ್ಚಿಡುವುದು ಇನ್ನೇನೂ ಉಳಿದಿಲ್ಲ. ಊದುವುದಿದ್ದರೆ ಊದು. ಲಕೋಟೆಯ ಮೇಲೆ ನಮ್ಮ ವಿಳಾಸ ಹಳೆಯದೇ ಬರೆಯಲೋ ಅಥವಾ —

ಬಂತು. ಕಾಲಿಗೆ ಬಂತು. ಗುಂಯ್, ಗುಂಯ್, ಗುಂಯ್.

‘ಅಜ್ಜೀ! ಮಾವ ಎದ್ದ್ರು!’

ಕಿರುಚಿತು ತಂಗೀ. ನನ್ನ ಎಡಗಿವಿಗೂ ಕೇಳಿಸಿತು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಹಿಮ್ಮಡಿ, ಹಿಮ್ಮಡಿ. ಮೇಜು ಕುಣಿಯುತ್ತಿದೆ. ಅಕ್ಷರ ಸೊಟ್ಟಗಾಗಿದ್ದರೆ ನನ್ನ ಕೈ ನಡುಕವಲ್ಲ, ತಿಳಿ. ಮಗಳು ಬ್ಯಾಗು ಕೆಳಗಿಟ್ಟಳು. ಧೊಪ್ಪನೆ ಇಟ್ಟಳು.

ವಿಳಾಸ ಇಲ್ಲಿಯದೇ ಹಾಕುತ್ತೇನೆ. ಉತ್ತರ ಇಲ್ಲಿಗೇ ಬರಲಿ, ಈ ವಾರವೇ ಬರಲಿ, ಫೋನು ಬೇಡ, ಕಾಗದವೇ ಬರೆ, ಚಿಕ್ಕಮ್ಮನ ಹಲ್ಲಿನ ವಿಷಯ ಮರೆಯದೆ ಬರೆ, ಬೆಲ್ಟು —