ಆರಾಮ ಎಂದದ್ದೇ ತಪ್ಪಾಯಿತು

ಮಮದಾಪುರ
೧೧ ನವೆಂಬರ್ ೨೦೨೪

ಗೀತಾಂಜಲಿಯ ಅಪ್ಪನಿಗೆ ನಿರ್ಮಲಾಳ ನಮಸ್ಕಾರಗಳು.

ಎಡಗೈ ಬಾವು ಇಳಿಯಿತೇ? ಮಾಲೀಕ ಪೈಪಿನಿಂದ ಹೊಡೆದದ್ದು, ಫೋನು, ಪಾಸ್‌ಪೋರ್ಟು ಕಸಿದುಕೊಂಡು ಎಂಟು ತಿಂಗಳಿಂದ ಮರಳುಗಾಡಿನ ಕುರಿದೊಡ್ಡಿಯಲ್ಲಿ ಕೂಡಿಹಾಕಿದ್ದು, ಎಲ್ಲವನ್ನೂ ಫಯಾಜ ರಜೆಗೆ ಬಂದಾಗ ಹೇಳಿದ. ನಿಮ್ಮ ದೊಡ್ಡಿಗೆ ನೀರಿನ ಟ್ಯಾಂಕರ್ ತರುವವನು ಗೋಳಗುಮ್ಮಟದ ಹತ್ತಿರದ ಹುಡುಗನೇ ಆದದ್ದು ನಮ್ಮ ಪುಣ್ಯ. ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ ಅವನೇ ದೂರು ಬರೆಸಿದ. ಹದಿನೈದು ದಿನಕ್ಕೆ ಅಲ್ಲಿಂದ ಸಾಹೇಬರೊಬ್ಬರ ಫೋನು ಬಂತು, ಕನ್ನಡದವರೇ. ನಾನು ಹೊಲಕ್ಕೆ ಹೋಗಿದ್ದೆ, ಎತ್ತಿದವರು ಅತ್ತೆ. ಹೇಗಿದ್ದೀರಿ, ಮಗ ಹೇಗಿದ್ದಾನೆ ಎಂದು ಅವರು ಕೇಳಿದರೆ ನಿಮ್ಮ ತಾಯಿ, "ನಾವೆಲ್ಲಾ ಆರಾಮ ಅದೀವ್ರಿ, ನಮ್ಮ ಅಮೋಘಿನೂ ಆರಾಮ ಅದಾನ್ರಿ" ಎಂದುಬಿಟ್ಟರು! ಯಾರು ಕೇಳಿದರೂ ಮೊದಲು ಹಾಗೆಯೇ ಹೇಳಬೇಕಂತೆ, ಪರರ ಮುಂದೆ ಅಳಬಾರದಂತೆ. ನೀವೇನು ಕಡಿಮೆಯೇ? ಸಾಹೇಬರು ಅಲ್ಲಿಗೆ ಫೋನು ಮಾಡಿ, ಮಾಲೀಕ ಪಕ್ಕದಲ್ಲೇ ನಿಂತು ಅದನ್ನು ನಿಮ್ಮ ಕೈಗೆ ಕೊಟ್ಟಾಗ ನೀವೂ ಅದನ್ನೇ ಹೇಳಿದಿರಂತೆ. ದೂರು ಅಲ್ಲಿಗೇ ಮುಗಿಯಿತು. ಸಿಟ್ಟಿನಿಂದ ಮೂರು ದಿನ ಅತ್ತೆಯ ಜೊತೆ ಮಾತು ಬಿಟ್ಟಿದ್ದೆ.

ನಾಲ್ಕನೆಯ ದಿನ ಅವರನ್ನೂ ಕರೆದುಕೊಂಡು ವಿಜಯಪುರದ ಡಿ.ಸಿ. ಆಫೀಸಿಗೆ ಹೋದೆ. ಅಲ್ಲಿಂದಲೇ ಆ ಸಾಹೇಬರಿಗೆ ಫೋನು ಹಚ್ಚಿಸಿದೆ. ಪರದೇಶದ ಕಾಯ್ದೆ ನೋಡಿ ನಡೆಯಬೇಕು, ಮಾಲೀಕನಿಗೆ ಪತ್ರ ಬರೆದಿದ್ದೇವೆ ಎಂದರು. "ಹೊಡದಾಂವಗ ಪತ್ರ ಬರದ್ರಿ, ಹೊಡಸ್ಕೊಂಡಾಂವನ್ನ ಯಾವಾಗ ನೋಡ್ತೀರಿ?" ಎಂದು ಕೇಳಿದೆ. ಉತ್ತರ ಬರುವಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡು, "ಮೊನ್ನಿ ಸುಳ್ಳ ಹೇಳೀನ್ರಿ ಯಪ್ಪಾ. ನನ್ನ ಮಗಾ ಆರಾಮ ಇಲ್ಲ. ಬರಕೋರಿ" ಎಂದರು. ಬರೆದುಕೊಂಡದ್ದನ್ನು ಸಾಹೇಬರು ಓದಿ ಹೇಳುವವರೆಗೂ ಫೋನು ಬಿಡಲಿಲ್ಲ. ಅತ್ತೆಯ ಮೇಲೆ ಅಂದು ಬಂದಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಅವರ ಆಶೀರ್ವಾದ, ಗೀತಾಂಜಲಿಯ ಮುತ್ತು ಇದರೊಳಗೇ ಇವೆ.

ಇನ್ನು ಸುಮ್ಮನಿರದ ನಿಮ್ಮ
ನಿರ್ಮಲಾ

ತಾ.ಕ.: ಫಯಾಜ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಇಪ್ಪತ್ತೊಂದನೇ ತಾರೀಖು, ಗುರುವಾರ, ಸಾಹೇಬರು ಅಲ್ಲಿಯ ಪೊಲೀಸರೊಂದಿಗೆ ನಿಮ್ಮ ದೊಡ್ಡಿಗೆ ಬರುತ್ತಾರೆ. ಮಾಲೀಕ ಎದುರಿಗಿದ್ದರೂ ಅಂಗಿ ಬಿಚ್ಚಿ ಕೈ ತೋರಿಸಿ. ಗೀತಾಂಜಲಿ ಹುಟ್ಟಿದ ದಿನವೂ ಕುರಿಗೆ ನೀರು ಕುಡಿಸಿಯೇ ಆಸ್ಪತ್ರೆಗೆ ಬಂದವರು ನೀವು. ಈ ಗುರುವಾರವೂ ಕುರಿಗಳತ್ತ ಹಿಂದೆ ತಿರುಗಿ ನೋಡುತ್ತೀರಿ, ನನಗೆ ಗೊತ್ತು. ಕುರಿ ಅವನವು, ಅವನೇ ಕುಡಿಸಲಿ. ನೀವು ನಮ್ಮವರು. ಸಾಹೇಬರ ಕಾರು ಹತ್ತಿ.